ಕಡ್ಡಿ ಎಲ್ಲಿಟ್ಟಿದ್ದೀರಿ?

ನಮ್ಮ ಆಸ್ಪತ್ರೆಯಲ್ಲಿ ಯಾರಾದರೂ "ಟೆಂಪರೇಚರ್ ಸರಿಯಾಗಿದೆ" ಎಂದರೆ ಬಾಟ್ಲಕ್ಕ ಒಪ್ಪುತ್ತಿರಲಿಲ್ಲ. "ಕಡ್ಡಿ ಎಲ್ಲಿಟ್ಟಿದ್ದೀರಿ?" ಎಂದು ಕೇಳುತ್ತಿದ್ದಳು. ಕಡ್ಡಿ ಎಂದರೆ ಶಾಖ ಅಳೆಯುವ ಪ್ರೋಬ್. ದೊಡ್ಡ ಡಾಕ್ಟರಿಗೂ ಅದೇ ಪ್ರಶ್ನೆ, ನೆಲ ಒರೆಸುವವನಿಗೂ ಅದೇ ಪ್ರಶ್ನೆ. ಒಂದು ಸಲ ಅಡುಗೆಮನೆಯವನು ರೋಗಿಗಳ ಗಂಜಿ ಎಷ್ಟು ಬಿಸಿಯಿದೆ ಎಂದು ಪಾತ್ರೆಯ ಹೊರಮೈಗೆ ಥರ್ಮಾಮೀಟರ್ ಒತ್ತಿ ಹಿಡಿದಿದ್ದ. ಇವಳು ಸೊಂಟದ ಮೇಲೆ ಕೈಯಿಟ್ಟು ನಿಂತು, "ಯಾಕಪ್ಪಾ, ಪಾತ್ರೆಗೆ ಜ್ವರ ಬಂದಿದ್ಯಾ?" ಎಂದಳು. ಆಮೇಲೆ ತನ್ನ ಸೂಜಿಕಡ್ಡಿಯನ್ನು ಗಂಜಿಯ ನಡುವಿಗೆ ಇಳಿಸಿ ತೋರಿಸಿದಳು. ಅಂಚಿನಲ್ಲಿ ಕೊತಕೊತ ಕುದಿಯುತ್ತಿದ್ದ ಗಂಜಿ ನಡುವಿನಲ್ಲಿ ಉಗುರುಬೆಚ್ಚಗಿತ್ತು. ಅವನು ಒಂದು ವಾರ ಇವಳ ಜೊತೆ ಮಾತು ಬಿಟ್ಟಿದ್ದ.

ಬಾಟ್ಲಕ್ಕ ಎಂಬ ಹೆಸರು ಬಂದದ್ದು ಅವಳು ಬಾಟಲಿ ತೊಳೆಯುತ್ತಿದ್ದುದರಿಂದ. ಆಕಾರವೂ ಹಾಗೇ ಇತ್ತು, ಸುಳ್ಳೇಕೆ ಹೇಳಲಿ. ಕುಳ್ಳಿ, ದುಂಡಗೆ, ಕತ್ತು ಮಾತ್ರ ಸಣ್ಣ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ವಾರ್ಡಿನ ಪಕ್ಕದಲ್ಲೇ ಹಾಲಿನ ಕೋಣೆ. ಹಾಲು ಹೆಚ್ಚಿರುವ ತಾಯಂದಿರು ಅಲ್ಲಿ ಕೊಟ್ಟುಹೋಗುತ್ತಾರೆ. ಅದನ್ನು ಹದವಾಗಿ ಕಾಯಿಸಿ, ತಣಿಸಿ, ಫ್ರೀಜರ್‌ನಲ್ಲಿಟ್ಟು, ತಾಯಿಯ ಹಾಲು ಸಿಗದ ಕೂಸುಗಳಿಗೆ ಚಮಚದ ಲೆಕ್ಕದಲ್ಲಿ ಕೊಡುತ್ತೇವೆ. ಹದಿನೆಂಟು ವರ್ಷ ಆ ಕೋಣೆ ಅವಳದಾಗಿತ್ತು.

ನಾನು ಆ ವಾರ್ಡಿನ ನರ್ಸು, ಆಮೇಲೆ ಹೆಡ್ ನರ್ಸು. ನನ್ನ ಬಾಯಿಗೆ ಇಡೀ ಮಹಡಿಯೇ ಹೆದರುತ್ತಿತ್ತು. ಅದನ್ನು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೂ ಇತ್ತು. ಬಾಟ್ಲಕ್ಕನ ಬದುಕಿನ ಕತೆ ಹೇಳಲು ಕೂತರೆ ನನ್ನದೊಂದು ತಪ್ಪನ್ನೂ ಹೇಳಬೇಕಾಗುತ್ತದೆ. ಅವಳಿಗೆ ಗೊತ್ತಾಗದಿರಲಿ ಎಂದು ಹನ್ನೊಂದು ವರ್ಷ ನಾನು ಬಚ್ಚಿಟ್ಟ ಮಾತೊಂದಿತ್ತು. ಅದು ಅವಳ ಮಗುವಿನ ಮಾತು.

ಅವಳು ಮೊದಲು ನಮ್ಮ ವಾರ್ಡಿಗೆ ಬಂದದ್ದು ತಾಯಿಯಾಗಿ. ಏಳನೇ ತಿಂಗಳಿಗೇ ಹುಟ್ಟಿದ ಹೆಣ್ಣು ಮಗು, ತೂಕ ಒಂದು ಕಿಲೋ ದಾಟಿತ್ತು ಅಷ್ಟೆ. ಅಂಥ ಮಕ್ಕಳಿಗೆ ಮೈಯ ಬಿಸಿ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ವಾರ್ಮರ್ ಎಂಬ ತೆರೆದ ತೊಟ್ಟಿಲಲ್ಲಿ ಮಲಗಿಸುತ್ತೇವೆ, ಮೇಲಿನಿಂದ ಹೀಟರ್ ಶಾಖ ಕೊಡುತ್ತಿರುತ್ತದೆ. ಎಷ್ಟು ಶಾಖ ಕೊಡಬೇಕು ಎಂದು ಅದಕ್ಕೆ ಹೇಳುವುದು ಷರ್ಟಿನ ಗುಂಡಿಯಷ್ಟಿರುವ ಒಂದು ಬಿಲ್ಲೆ. ಅದನ್ನು ಮಗುವಿನ ಹೊಟ್ಟೆಯ ಮೇಲೆ ಅಂಟಿಸಿರುತ್ತೇವೆ, ಅದರ ತಂತಿ ಯಂತ್ರಕ್ಕೆ ಹೋಗಿರುತ್ತದೆ. ಬಿಲ್ಲೆ ಹೇಳಿದ್ದೇ ವಾರ್ಮರ್‌ಗೆ ವೇದವಾಕ್ಯ. ಮಗು ತಣ್ಣಗಿದೆ ಎಂದರೆ ಶಾಖ ಹೆಚ್ಚಿಸುತ್ತದೆ, ಬೆಚ್ಚಗಿದೆ ಎಂದರೆ ತಗ್ಗಿಸುತ್ತದೆ. ಅದಕ್ಕೆ ಕಣ್ಣಿಲ್ಲ, ಬಿಲ್ಲೆ ಎಲ್ಲಿದೆ ಎಂದು ಅದಕ್ಕೆ ಕಾಣುವುದಿಲ್ಲ.

ಒಂಬತ್ತನೇ ದಿನ ಮಧ್ಯಾಹ್ನ. ತಾಯಂದಿರನ್ನು ಅರ್ಧ ಗಂಟೆ ಒಳಗೆ ಬಿಡುವ ಹೊತ್ತು. ಆ ದಿನ ನಾವು ಇಬ್ಬರೇ ನರ್ಸುಗಳು, ಮಕ್ಕಳು ಹತ್ತು. ತಾಯಂದಿರು ಹೊರಟುಹೋದ ಮೇಲೆ ನಾನು ಎರಡು ಸಲ ಅವಳ ಮಗುವಿನ ವಾರ್ಮರ್ ಹತ್ತಿರ ಹಾದುಹೋದೆ. ಎರಡು ಸಲವೂ ಪರದೆಯ ಮೇಲೆ ಮೂವತ್ತಾರು ಪಾಯಿಂಟ್ ಎಂಟು ಎಂದಿತ್ತು, ಹಸಿರು ದೀಪ ಉರಿಯುತ್ತಿತ್ತು. ಹಾಳೆಯಲ್ಲಿ ಬರೆದುಕೊಂಡು ಮುಂದೆ ಹೋದೆ. ಮೂರನೇ ಸಲ ಔಷಧಿ ಕೊಡಲೆಂದು ಕಾಲು ಹಿಡಿದರೆ ಕಾಲು ಕಲ್ಲಿನಂತೆ ತಣ್ಣಗಿತ್ತು. ತುಟಿ ನೀಲಿ. ಮೇಲಿನ ಹೀಟರ್ ಬಿಸಿಯೇ ಇರಲಿಲ್ಲ. ಹುಡುಕಿದರೆ ಬಿಲ್ಲೆ ಮಗುವಿನ ಬೆನ್ನ ಕೆಳಗೆ, ಮೆತ್ತನೆ ಮಡಿಸಿದ ಬಟ್ಟೆಯ ಒಳಗೆ ಇತ್ತು. ಬೆನ್ನಿಗೂ ಹಾಸಿಗೆಗೂ ನಡುವೆ ಸಿಕ್ಕ ಬಿಸಿಯನ್ನು ಅದು ಅಳೆದಿತ್ತು, ಮಗು ಬೆಚ್ಚಗಿದೆ ಎಂದು ಯಂತ್ರಕ್ಕೆ ಹೇಳುತ್ತಲೇ ಇತ್ತು.

ಬೆಚ್ಚಗೆ ಮಾಡಿದೆವು. ಸಂಜೆಗೆ ಬಣ್ಣ ತಿರುಗಿತು. ಆದರೆ ಮರುದಿನ ಉಸಿರು ಕಟ್ಟತೊಡಗಿತು. ರಕ್ತದಲ್ಲಿ ಸೋಂಕಿದೆ, ಮೊದಲೇ ಇದ್ದಿರಬೇಕು ಎಂದರು ದೊಡ್ಡ ಡಾಕ್ಟರು. ಬಿಲ್ಲೆ ಕಳಚಿದ್ದನ್ನು ನಾನು ಅವರಿಗೆ ಹೇಳಿದೆ, ಹಾಳೆಯಲ್ಲಿ ಬರೆದೆ. ಯಾರು ಅದನ್ನು ಬೆನ್ನ ಕೆಳಗಿಟ್ಟರು ಎಂದು ಅವರು ಕೇಳಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಹತ್ತನೇ ದಿನದ ಮಧ್ಯಾಹ್ನ. ಅವಳು ಬಾಗಿಲ ಹತ್ತಿರ ನನ್ನನ್ನು ತಡೆದು, ಮೆಲ್ಲಗೆ, ಒಳ್ಳೆಯ ಮಾರ್ಕು ಬಂದ ಹುಡುಗಿಯಂತೆ ಹೇಳಿದಳು. "ಸಿಸ್ಟರ್, ನಿನ್ನೆ ಪಾಪು ಹೊಟ್ಟೆ ಮೇಲಿನ ಬಿಲ್ಲೆ ಬಿಚ್ಕೊಂಡ್ಬಿಟ್ಟಿತ್ತು. ತಣ್ಣಗಿತ್ತು ಅದು, ಪಾಪುಗೆ ತಗಲಿದ್ರೆ ಚಳಿ ಆಗುತ್ತೇನೋ ಅಂತ ಬಟ್ಟೇಲಿ ಸುತ್ತಿ ಬೆನ್ನ ಕೆಳಗೆ ಬೆಚ್ಚಗೆ ಇಟ್ಟೆ. ಸರಿ ಮಾಡಿದ್ನಾ?"

ನಾನು ಅವಳ ಮುಖ ನೋಡಿದೆ. ಇಪ್ಪತ್ನಾಲ್ಕು ವರ್ಷದ ಹುಡುಗಿ, ಕಣ್ಣ ಕೆಳಗೆ ಕಪ್ಪು. "ಹೂಂ, ಸರಿ ಮಾಡಿದೆ" ಎಂದೆ.

ಹನ್ನೆರಡನೇ ದಿನ ಮಗು ಹೋಯಿತು.

ಕರುಣೆಯಿಂದ ಸುಳ್ಳು ಹೇಳಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅರ್ಧ ನಿಜ. ಉಳಿದ ಅರ್ಧವೆಂದರೆ, ಅವಳಿಗೆ ಬಿಲ್ಲೆಯ ವಿಷಯ ಬಿಡಿಸಿ ಹೇಳಿದ್ದರೆ ಮುಂದಿನ ಪ್ರಶ್ನೆ ನನ್ನ ಕಡೆಗೇ ಬರುತ್ತಿತ್ತು. ಎರಡು ಸಲ ಬಂದೆಯಲ್ಲ, ಮಗುವನ್ನು ಒಂದು ಸಲವಾದರೂ ಮುಟ್ಟಿದೆಯಾ ಎಂದು ಕೇಳುತ್ತಿದ್ದಳು.

ಮಗು ಹೋದರೂ ಎದೆಯ ಹಾಲು ನಿಲ್ಲಲಿಲ್ಲ. ಅವಳ ಗಂಡ ಟೈಲರ್, ಮಾತು ಕಡಿಮೆ. ಅವನೇ ಅವಳನ್ನು ಕರೆದುಕೊಂಡು ಬಂದು, "ಚೆಲ್ಲೋಕೆ ಮನಸ್ಸು ಬರ್ತಿಲ್ವಂತೆ" ಎಂದ. ನಲವತ್ತು ದಿನ ಅವಳು ಬಂದು ಬೇರೆಯವರ ಮಕ್ಕಳಿಗೆ ಹಾಲು ಕೊಟ್ಟಳು. ನಲವತ್ತೊಂದನೇ ದಿನ ಹಾಲು ನಿಂತಿತು, ಆದರೂ ಬಂದಳು. ಖಾಲಿ ಬಾಟಲಿಗಳ ಬುಟ್ಟಿಯ ಪಕ್ಕದಲ್ಲಿ ನಿಂತು, "ಇವನ್ನ ತೊಳೆದುಕೊಡ್ಲಾ ಸಿಸ್ಟರ್?" ಎಂದಳು. ನಮಗೂ ಕೈ ಬೇಕಿತ್ತು. ನಾನು ಓಡಾಡಿ ಅವಳಿಗೆ ಕೆಲಸ ಕೊಡಿಸಿದೆ. ದಿನಾ ಅವಳನ್ನು ಕಣ್ಣೆದುರು ಇಟ್ಟುಕೊಂಡು ಬದುಕುವುದು ಸುಲಭವಲ್ಲ ಎಂದು ಆಗ ನನಗೆ ತೋಚಲಿಲ್ಲ.

ಕೋಣೆಯಲ್ಲಿ ಹಾಲು ಕಾಯಿಸುವ ಯಂತ್ರವೆಂದರೆ ಬಿಸಿನೀರಿನ ಒಂದು ತೊಟ್ಟಿ. ಇಪ್ಪತ್ತನಾಲ್ಕು ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ, ಅರವತ್ತೆರಡೂವರೆ ಡಿಗ್ರಿಯಲ್ಲಿ ಅರ್ಧ ಗಂಟೆ ಇಡಬೇಕು. ಕಡಿಮೆಯಾದರೆ ರೋಗಾಣು ಸಾಯುವುದಿಲ್ಲ, ಹೆಚ್ಚಾದರೆ ಹಾಲಿನ ಸತ್ವ ಸಾಯುತ್ತದೆ. ಪರದೆಯ ಮೇಲೆ ಅರವತ್ತೆರಡೂವರೆ ಕಂಡರೆ ನಾವು ಗಡಿಯಾರ ನೋಡುತ್ತಿದ್ದೆವು. ಅವಳು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿರಬೇಕು, ಒಂದು ದಿನ ಬಾಟಲಿಗಳನ್ನು ತೆಗೆಯುತ್ತಾ, "ಸಿಸ್ಟರ್, ನಡುವಿನ ಸಾಲಿನವು ಅಷ್ಟು ಬಿಸಿ ಇಲ್ಲ" ಎಂದಳು.

"ಯಂತ್ರಕ್ಕಿಂತ ನಿನ್ನ ಕೈ ದೊಡ್ಡದಾ?" ಎಂದೆ ನಾನು.

"ದೊಡ್ಡದಲ್ಲ ಸಿಸ್ಟರ್. ಆದ್ರೆ ಮುಟ್ಟಿದ್ದು ನಾನು."

ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಮೀಟರಣ್ಣನನ್ನು ಕರೆಸಿದೆ. ಅವಳ ಬಾಯಿ ಮುಚ್ಚಿಸಲೆಂದೇ ಕರೆಸಿದೆ ಎನ್ನಿ. ಅವನು ಉದ್ದನೆಯ ಸೂಜಿಯಂಥ ಕಡ್ಡಿಯನ್ನು ನಡುವಿನ ಬಾಟಲಿಯ ಹಾಲಿಗೆ ಇಳಿಸಿದ. ಐವತ್ತೆಂಟು. ತೊಟ್ಟಿಯ ನೀರು ಹೇಳುತ್ತಿದ್ದುದಕ್ಕಿಂತ ನಾಲ್ಕೂವರೆ ಡಿಗ್ರಿ ಕಡಿಮೆ. ಆ ದಿನದ ಹಾಲನ್ನೆಲ್ಲ ಚೆಲ್ಲಿದೆವು. ಪ್ರತಿ ಹನಿಗೂ ಒಬ್ಬಳು ತಾಯಿ ಬಂದು ಕೂತು ಹೋದದ್ದನ್ನು ಬಲ್ಲ ಬಾಟ್ಲಕ್ಕ ಚರಂಡಿಯ ಹತ್ತಿರ ನಿಂತು ಅತ್ತಳು. ಅತ್ತು ಮುಗಿಸಿ ಮೀಟರಣ್ಣನ ಹಿಂದೆ ಬಿದ್ದಳು.

"ಹಾಗಾದ್ರೆ ಆ ಮೀಟರ್ ಸುಳ್ಳು ಹೇಳಿದ್ದಾ ಅಣ್ಣಾ?"

"ಸುಳ್ಳೇನಿಲ್ಲಮ್ಮ. ಅದರ ಕಡ್ಡಿ ನೀರಲ್ಲಿದೆ. ನೀರಿನ ವಿಷಯ ಅದು ನಿಜಾನೇ ಹೇಳ್ತು. ಹಾಲಿನ ವಿಷಯ ಹಾಲನ್ನೇ ಕೇಳಬೇಕು."

ಆ ಮಾತು ಅವಳ ತಲೆಯಲ್ಲಿ ಕೂತಿತು. ಅಂದಿನಿಂದ ಪ್ರತಿ ಸಲವೂ ನಡುವಿನ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಸೂಜಿಕಡ್ಡಿ ಇಳಿಸಿ, ಆ ಬಾಟಲಿ ಅರವತ್ತೆರಡೂವರೆ ಮುಟ್ಟಿದ ಮೇಲೆಯೇ ಗಡಿಯಾರ ನೋಡುವುದು ಎಂದಾಯಿತು. ಮೀಟರಣ್ಣ ತಿಂಗಳಿಗೊಮ್ಮೆ ಬಂದಾಗ ಅವಳಿಗೆ ಒಂದೊಂದೇ ಕಡ್ಡಿಯ ಗುಣ ಹೇಳಿಕೊಟ್ಟ. ಕೋಣೆಯ ಗಾಳಿಗೆ ಮೈಮೇಲೆ ಕವಚವಿಲ್ಲದ ಸಣ್ಣ ಕಡ್ಡಿ, ಅದು ಚುರುಕು, ಕಿಟಕಿ ತೆಗೆದರೂ ಹೇಳುತ್ತದೆ. ಬಾಟಲಿ ಕುದಿಸುವ ಪಾತ್ರೆಗೆ ಉಕ್ಕಿನ ಕವಚದ ದಪ್ಪ ಕಡ್ಡಿ, ಅದು ನಿಧಾನ, ಆದರೆ ಗಟ್ಟಿ. ಹಾಲಿಗೆ ಸೂಜಿಕಡ್ಡಿ. ಫ್ರೀಜರ್‌ಗೆ ಮಾತ್ರ ಕಡ್ಡಿಯನ್ನು ಗ್ಲಿಸರಿನ್ ತುಂಬಿದ ಪುಟ್ಟ ಶೀಷೆಯಲ್ಲಿ ಮುಳುಗಿಸಿಡಬೇಕು. "ಬಾಗಿಲು ತೆಗೆದ ತಕ್ಷಣ ಬೆದರಿ ಕೂಗೋ ಕಡ್ಡಿ ಫ್ರೀಜರ್‌ಗಾಗಲ್ಲ" ಎಂದ ಮೀಟರಣ್ಣ. "ದಿನಕ್ಕೆ ಇಪ್ಪತ್ತು ಸಲ ತೋಳ ಬಂತು ತೋಳ ಅಂದ್ರೆ ಇಪ್ಪತ್ತೊಂದನೇ ಸಲ ನೀನೇ ಏಳಲ್ಲ. ಒಳಗಿನ ಹಾಲು ಕರಗೋ ಹಾಗಿದ್ರೆ ಮಾತ್ರ ಕೂಗಬೇಕು ಅದು." ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಎಂಬುದು ಅವನ ಮಂತ್ರ. ಅವಳು ಅದನ್ನು ಅವನಿಗಿಂತ ಹೆಚ್ಚು ನಂಬಿದಳು.

ಅವಳ ಗಂಡ ಉಳಿದ ಬಟ್ಟೆಯಲ್ಲಿ ಗೋಡೆಗೆ ತೂಗುಹಾಕುವ ಚೀಲವೊಂದನ್ನು ಹೊಲಿದುಕೊಟ್ಟ. ಒಂದೊಂದು ಕಡ್ಡಿಗೆ ಒಂದೊಂದು ಜೇಬು. ಜೇಬಿನ ಮೇಲೆ ದಾರದಲ್ಲಿ ಹೆಸರು: ಹಾಲು, ಗಾಳಿ, ಕುದಿ, ಫ್ರೀಜರ್. ಅಳತೆ ತಪ್ಪಿಯೋ, ಬಟ್ಟೆ ಉಳಿದಿತ್ತೋ, ಐದನೇ ಜೇಬೊಂದನ್ನೂ ಹೊಲಿದಿದ್ದ. ಅದಕ್ಕೆ ಹೆಸರಿರಲಿಲ್ಲ. ಒಂದು ದಿನ ಮೀಟರಣ್ಣ, "ವಾರ್ಮರ್ ಬಿಲ್ಲೆದೂ ಹೇಳಿಕೊಡ್ತೀನಿ ಬಾ, ಆ ಜೇಬು ತುಂಬಲಿ" ಎಂದ. ನಾನು ಅಲ್ಲೇ ಇದ್ದೆ. "ಅದು ವಾರ್ಡಿನ ಸಾಮಾನು, ಅವಳಿಗೆ ಯಾಕೆ?" ಎಂದು ಕಡ್ಡಿ ಮುರಿದಂತೆ ಹೇಳಿದೆ. ಅವನು ತನ್ನ ಸಾಮಾನು ಎತ್ತಿಕೊಂಡು ಹೊರಟ. ಅವಳೂ ಏನೂ ಕೇಳಲಿಲ್ಲ. ಸಿಸ್ಟರ್ ಎನ್ನುವುದು ಹೋಗಿ ನಾನು ಅವಳಿಗೆ ಅಕ್ಕ ಆಗಿದ್ದ ಕಾಲ ಅದು. ಅಕ್ಕ ಬೇಡವೆಂದರೆ ಬೇಡ, ಅಷ್ಟೆ.

ಅವಳು ಬಾಯಿತುಂಬಾ ಅಕ್ಕ ಎಂದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ. ನನಗೆ ಜ್ವರ ಬಂದರೆ ಮನೆಗೆ ಬಂದು ಕೂರುತ್ತಿದ್ದಳು. ನನ್ನ ತಾಯಿ ಹೋದಾಗ ಮೂರು ದಿನ ನನ್ನ ಮನೆಯ ಒಲೆ ಹಚ್ಚಿದವಳು ಅವಳೇ. ವಾರ್ಡಿನ ಆಯಾ ಒಮ್ಮೆ ಯಾವುದೋ ಮಾತಿಗೆ, "ಹಾಲು ಕುಡಿದ ಮಕ್ಕಳೇ ಬದುಕೋದಿಲ್ಲ, ಇನ್ನು ವಿಷ ಕುಡಿದವು ಬದುಕ್ತಾವಾ" ಎಂಬ ಗಾದೆ ಹೇಳಿ ನಕ್ಕಳು. ಬಾಟ್ಲಕ್ಕ ಬಾಟಲಿ ಉಜ್ಜುವುದನ್ನು ನಿಲ್ಲಿಸಿದಳು. "ನನ್ನ ಪಾಪು ನನ್ನ ಹಾಲು ಕುಡೀತು, ಅಲ್ವಾ ಅಕ್ಕ? ಎಂಟು ದಿನ ಕುಡೀತು" ಎಂದು ನನ್ನನ್ನು ಕೇಳಿದಳು. ಕುಡಿಯಿತು ಎಂದೆ. ಅದಾದರೂ ನಿಜವಾಗಿತ್ತು.

ಹೀಗೆ ಹನ್ನೊಂದು ವರ್ಷ. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ.

ಮೀಟರಣ್ಣ ನಿವೃತ್ತನಾಗುವ ತಿಂಗಳು, ಹೊಸದಾಗಿ ಸೇರಿದ ನರ್ಸುಗಳಿಗೆಲ್ಲ ಅವನು ಒಂದು ಪಾಠ ಮಾಡಲಿ ಎಂದು ಮೇಲಿನವರು ಹೇಳಿದರು. ವಿಷಯ: ಯಾವ ಕೆಲಸಕ್ಕೆ ಯಾವ ಕಡ್ಡಿ. ಬೆಳಗ್ಗೆ ಹನ್ನೊಂದಕ್ಕೆ ಇಟ್ಟರು. ಬಾಟ್ಲಕ್ಕ ಆ ಹೊತ್ತಿನಲ್ಲಿ ಹಾಲು ಕಾಯಿಸುತ್ತಿರುತ್ತಾಳೆ ಎಂದು ನಾನೇ ಆ ಹೊತ್ತನ್ನು ಆರಿಸಿದ್ದೆ. ಆದರೆ ಆ ದಿನ ಹಾಲು ಕಡಿಮೆ ಬಂತು, ಮಧ್ಯಾಹ್ನದ್ದನ್ನೂ ಸೇರಿಸಿ ಕಾಯಿಸೋಣ ಎಂದು ಅವಳು ಮುಂದೂಡಿದಳು. ನಾನು ಆಫೀಸಿನ ಮೀಟಿಂಗ್ ಮುಗಿಸಿ ಓಡೋಡಿ ಬಂದು ಬಾಗಿಲು ತೆಗೆದರೆ ಅವಳು ಎರಡನೇ ಸಾಲಿನಲ್ಲಿ ನೋಟ್‌ಬುಕ್ ತೆರೆದು ಕೂತಿದ್ದಾಳೆ. ಮೇಜಿನ ಮೇಲೆ ಪ್ಲಾಸ್ಟಿಕ್ ಬೊಂಬೆ. ಮೀಟರಣ್ಣನ ಕೈಯಲ್ಲಿ ಬಿಲ್ಲೆ.

"ಇದು ಹೊಟ್ಟೆ ಮೇಲಿರಬೇಕು, ಚರ್ಮಕ್ಕೆ ಅಂಟಿರಬೇಕು. ಬಿಚ್ಚಿ ಗಾಳೀಲಿ ನೇತಾಡ್ತಿದ್ರೆ ಏನಾಗುತ್ತೆ?" ಎಂದು ಅವನು ಕೇಳಿದ.

"ಗಾಳಿ ಅಳೆಯುತ್ತೆ ಸರ್. ಮಗು ತಣ್ಣಗಿದೆ ಅನ್ಕೊಂಡು ಹೀಟರ್ ಜಾಸ್ತಿ ಆಗುತ್ತೆ" ಎಂದಳೊಬ್ಬಳು.

"ಶಭಾಷ್. ಬೆನ್ನ ಕೆಳಗೆ ಸೇರ್ಕೊಂಡ್ರೆ?"

ಮುಂದಿನ ಸಾಲಿನ ಹುಡುಗಿ, "ಬೆಚ್ಚಗಿರುತ್ತೆ ಸರ್" ಎಂದಳು. ಎಲ್ಲರೂ ನಕ್ಕರು.

"ಬಿಲ್ಲೆ ಬೆಚ್ಚಗಿರುತ್ತಮ್ಮ, ಮಗು ತಣ್ಣಗಾಗುತ್ತೆ" ಎಂದ ಮೀಟರಣ್ಣ.

ನಾನು ಗೋಡೆಗೆ ಒರಗಿ ನಿಂತೆ. ನನಗೆ ಕಾಣುತ್ತಿದ್ದುದು ಅವಳ ಬೆನ್ನು, ಜಡೆ, ಬರೆಯುತ್ತಿದ್ದ ಕೈ. ಕೈ ನಿಂತಿತು. ಅವಳು ತಲೆಯೆತ್ತಿ ಕೇಳಿದಳು.

"ಎಷ್ಟು ಹೊತ್ತಲ್ಲಿ ತಣ್ಣಗಾಗುತ್ತೆ ಅಣ್ಣಾ?"

"ಒಂದು ಕಿಲೋ ಮಗು ಆದ್ರೆ ಜಾಸ್ತಿ ಹೊತ್ತು ಬೇಡ. ಗಂಟೆ ಒಳಗೇ."

"ಆಗ ಪರದೆ ಮೇಲೆ ಎಷ್ಟು ತೋರಿಸುತ್ತೆ?"

"ಸರಿಯಾಗೇ ತೋರಿಸುತ್ತೆ. ಹಸಿರು ದೀಪಾನೂ ಇರುತ್ತೆ. ಅದೇ ಮೋಸ. ಅದಕ್ಕೇ ಮೀಟರ್ ಮಾತ್ರ ನೋಡಿ ಹೋಗಬಾರದು, ಕಾಲು ಮುಟ್ಟಿ ನೋಡಬೇಕು."

ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಬಂದಿರುವುದು ಅವಳಿಗೆ ಹೇಗೆ ಗೊತ್ತಾಯಿತೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಮುಖ ಹಾಗಿದ್ದಿರಬೇಕು. ಅವಳು ಮತ್ತೆ ಮುಂದಕ್ಕೆ ತಿರುಗಿ, ಪಾಠ ಮುಗಿಯುವವರೆಗೂ ಬರೆದಳು.

ಮಧ್ಯಾಹ್ನ ಹಾಲಿನ ಕೋಣೆಯಲ್ಲಿ ಎಂದಿನಂತೆ ನಡುವಿನ ಬಾಟಲಿಗೆ ಕಡ್ಡಿ ಇಳಿಸಿದಳು, ಅರ್ಧ ಗಂಟೆ ಗಡಿಯಾರದ ಮುಂದೆ ಕೂತಳು, ತಣಿಸಿದಳು, ಚೀಟಿ ಅಂಟಿಸಿದಳು. ನಾನು ಗಾಜಿನಾಚೆಯಿಂದ ನೋಡುತ್ತಿದ್ದೆ. ಒಂದು ಚೀಟಿಯೂ ಸೊಟ್ಟಗಿರಲಿಲ್ಲ. ನಾಲ್ಕು ಗಂಟೆಗೆ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ನನ್ನ ಕೋಣೆಗೆ ಬಂದಳು. ಕೂರು ಎಂದೆ. ಕೂರಲಿಲ್ಲ.

"ಅಕ್ಕ, ನಾನು ಆವತ್ತು ನಿಮ್ಮನ್ನ ಕೇಳಿದ್ದೆ. ಬಿಲ್ಲೆ ಬೆನ್ನ ಕೆಳಗಿಟ್ಟೆ, ಸರಿ ಮಾಡಿದ್ನಾ ಅಂತ. ಸರಿ ಅಂದ್ರಿ."

"ಅಂದೆ."

"ಸರಿ ಇರ್ಲಿಲ್ಲ."

"ಇರ್ಲಿಲ್ಲ" ಎಂದೆ.

"ಅದರಿಂದಲೇ ಹೋಯ್ತಾ?"

ಸೋಂಕಿನ ಮಾತು ತೆಗೆದೆ. ಮೊದಲೇ ಇತ್ತು, ಡಾಕ್ಟರೂ ಹಾಗೇ ಹೇಳಿದರು, ಅಷ್ಟು ಚಿಕ್ಕ ಮಕ್ಕಳಲ್ಲಿ ಯಾವುದರಿಂದ ಯಾವುದು ಎಂದು ಹೇಳಲಾಗುವುದಿಲ್ಲ ಎಂದೆ. ಅವಳು ಕೈಯೆತ್ತಿ ತಡೆದಳು. "ಅಡ್ಡಗೋಡೆ ಮೇಲೆ ದೀಪ ಇಡಬೇಡಿ ಅಕ್ಕ."

"ನಂಗೆ ಗೊತ್ತಿಲ್ಲ. ಆಣೆ ಮಾಡಿ ಹೇಳ್ತೀನಿ, ಗೊತ್ತಿಲ್ಲ. ಸೋಂಕು ಇದ್ದದ್ದು ನಿಜ. ಮೈ ತಣ್ಣಗಾಗದೇ ಇದ್ದಿದ್ರೆ ತಡ್ಕೊಳ್ತಿತ್ತೋ ಏನೋ." ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ನುಂಗಿಕೊಳ್ಳಲು ಆಗಲಿಲ್ಲ. "ಆವತ್ತು ನೀನು ಹೋದ್ಮೇಲೆ ನಾನು ಎರಡು ಸಲ ಬಂದಿದ್ದೆ. ಮೀಟರ್ ನೋಡಿ ಬರ್ಕೊಂಡು ಹೋದೆ. ಮಗುನ ಮುಟ್ಟಲಿಲ್ಲ. ಮುಟ್ಟಿದ್ರೆ ಆಗಲೇ ಗೊತ್ತಾಗ್ತಿತ್ತು."

ಅವಳು ನನ್ನ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದಳು. ಆಮೇಲೆ ಅವಳು ಹೇಳಿದ ಮಾತಿಗೆ ನಾನು ಸಿದ್ಧಳಾಗಿರಲಿಲ್ಲ.

"ಬಿಲ್ಲೆ ಬಿಚ್ಕೊಂಡಾಗ ನಿಮ್ಮನ್ನ ಕೂಗೋಣ ಅನ್ಕೊಂಡೆ. ಎರಡು ದಿನ ಮುಂಚೆ ತಾನೇ ನೀವು ಬೈದಿದ್ರಿ. ಎಲ್ಲದಕ್ಕೂ ಕೂಗಬೇಡಮ್ಮ, ಇಲ್ಲಿ ಮಗು ಇರೋಳು ನೀನೊಬ್ಬಳೇ ಅಲ್ಲ ಅಂತ. ಅದಕ್ಕೆ ಕೂಗಲಿಲ್ಲ."

ನನಗೆ ನೆನಪೇ ಇರಲಿಲ್ಲ. ಈಗಲೂ ಇಲ್ಲ. ಆ ಮಾತು ನಾನು ದಿನಕ್ಕೆ ಹತ್ತು ಜನಕ್ಕೆ ಹೇಳುತ್ತಿದ್ದ ಮಾತು. ಬಾಯಿಗೆ ಇಡೀ ಮಹಡಿ ಹೆದರುತ್ತಿತ್ತು ಎಂದೆನಲ್ಲ, ಆ ಹೆದರಿಕೆ ಏನು ಮಾಡಿತು ಎಂದು ಹನ್ನೊಂದು ವರ್ಷ ನನಗೆ ತಿಳಿದಿರಲಿಲ್ಲ. ಆಡಿದ ಮಾತು ವಾಪಸ್ ಬರುವುದಿಲ್ಲ.

"ಎಲ್ಲ ಕಡ್ಡಿನೂ ಕಲಿಯೋಕೆ ಬಿಟ್ರಿ. ಇದೊಂದನ್ನ ಬಿಡಲಿಲ್ಲ" ಎಂದಳು ಅವಳು. ದನಿ ಏರಿರಲಿಲ್ಲ. "ನಾನು ಪಕ್ಕದ ಕೋಣೇಲೇ ಇದ್ದೆ. ಎಷ್ಟು ಜನ ತಾಯಂದಿರು ಬಂದು ಹೋದ್ರು. ಮುಟ್ಟಬೇಡಿ ಅಂತ ಹೇಳ್ತೀವಿ, ಯಾಕೆ ಅಂತ ಹೇಳಲ್ಲ. ನಂಗೆ ಗೊತ್ತಿದ್ದಿದ್ರೆ ನಾನು ಹೇಳ್ತಿರ್ಲಿಲ್ವಾ?"

ನಾನು ಅತ್ತೆ. ಅವಳು ಅಳಲಿಲ್ಲ. ಬಾಗಿಲ ತನಕ ಹೋಗಿ, ತಿರುಗದೆ, "ಬರ್ತೀನಿ ಸಿಸ್ಟರ್" ಎಂದಳು.

ಒಂಬತ್ತು ದಿನ ಅವಳು ಬರಲಿಲ್ಲ. ಐದನೇ ದಿನ ನಾನು ಅವಳ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಅಂಗಿ ಹಾಗೇ ಬಿದ್ದಿತ್ತು. ಒಳಗೆ ಅವಳು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಟೈಲರ್ ನನಗೆ ಸ್ಟೂಲ್ ಕೊಟ್ಟು, "ಏನಾಯ್ತು ಅಂತ ಬಾಯಿ ಬಿಡ್ತಿಲ್ಲ. ನಿಮ್ಮನ್ನ ಕಂಡ್ರೆ ಪ್ರಾಣ ಅವಳಿಗೆ. ನೀವಾದ್ರೂ ಕೇಳಿ" ಎಂದ. ನಾನು ಕೇಳಲಿಲ್ಲ. ಅವನು ತಂದಿಟ್ಟ ಚಹಾ ಆರಿಹೋಗುವವರೆಗೆ ಕೂತು ಎದ್ದು ಬಂದೆ.

ಹತ್ತನೇ ದಿನ ಬೆಳಗ್ಗೆ ಅವಳು ಕೆಲಸಕ್ಕೆ ಬಂದಳು. ನೇರವಾಗಿ ಮೀಟರಣ್ಣನ ಹತ್ತಿರ ಹೋಗಿ ಕೆಟ್ಟುಹೋದ ಹಳೆಯ ಬಿಲ್ಲೆಯೊಂದನ್ನು ಕೇಳಿ ತಂದು ಐದನೇ ಜೇಬಿನಲ್ಲಿಟ್ಟಳು. ದಾರದಲ್ಲಿ "ಪಾಪು" ಎಂದು ಗಂಡ ಹೊಲಿದುಕೊಟ್ಟಿದ್ದ ಬಟ್ಟೆಯ ಪಟ್ಟಿಯೊಂದನ್ನು ಆ ಜೇಬಿಗೆ ಪಿನ್ ಹಾಕಿ ಚುಚ್ಚಿದಳು. ಗಂಡನಿಗೆ ಹೇಳಿದ್ದಳು ಎಂದು ಅದರಿಂದ ನನಗೆ ತಿಳಿಯಿತು. ಆಮೇಲೆ ನನ್ನ ಮುಂದೆ ಬಂದು ನಿಂತು, "ಇನ್ಮೇಲೆ ಹೊಸ ತಾಯಂದಿರ ಹತ್ರ ಮೊದಲು ನಾನು ಮಾತಾಡ್ತೀನಿ ಸಿಸ್ಟರ್" ಎಂದಳು. ಅಪ್ಪಣೆ ಕೇಳುವ ದನಿ ಅದಾಗಿರಲಿಲ್ಲ. ಆಗಲಿ ಎಂದೆ.

ಮುಂದಿನ ಏಳು ವರ್ಷ, ವಾರ್ಡಿಗೆ ಬಂದ ಪ್ರತಿಯೊಬ್ಬ ತಾಯಿಯ ಬೆರಳನ್ನು ಅವಳು ಆ ಹಳೆಯ ಬಿಲ್ಲೆಯ ಮೇಲಿಟ್ಟು ಪಾಠ ಹೇಳಿದಳು. ಇದು ಇಲ್ಲಿ ಯಾಕಿದೆ, ಬೆನ್ನ ಕೆಳಗೆ ಹೋದರೆ ಏನಾಗುತ್ತದೆ, ಗಾಳಿಯಲ್ಲಿ ನೇತಾಡಿದರೆ ಏನಾಗುತ್ತದೆ. ಕೊನೆಯ ಮಾತು ಎಲ್ಲರಿಗೂ ಒಂದೇ. "ಬಿಚ್ಕೊಂಡ್ರೆ ನೀವು ಮುಟ್ಟಬೇಡಿ, ಕೂಗಿ. ಬೈದ್ರೂ ಕೂಗಿ." ನಾನು ಎಷ್ಟೋ ಸಲ ಅಲ್ಲೇ ಪಕ್ಕದಲ್ಲಿ ನಿಂತಿರುತ್ತಿದ್ದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ತಾಯಂದಿರು ಕೂಗಿದರು. ಬಿಚ್ಚಿಕೊಂಡಾಗಲೂ ಕೂಗಿದರು, ಬಿಚ್ಚಿಕೊಳ್ಳದಿದ್ದಾಗಲೂ ಕೂಗಿದರು. ನಾನು ಹೋದೆ. ಪ್ರತಿ ಸಲವೂ ಪರದೆಗಿಂತ ಮೊದಲು ಮಗುವಿನ ಕಾಲು ಮುಟ್ಟಿದೆ.

ಕೆಲಸದ ಮಾತಿಗೆ ಕೊರತೆಯಿರಲಿಲ್ಲ. ಅಡುಗೆಮನೆಯವನ ಜೊತೆ ಜಗಳ, ಹೊಸ ಫ್ರೀಜರ್ ತಂದವನ ಜೊತೆ ಜಗಳ, ಎಲ್ಲ ಮೊದಲಿನಂತೆ ನಡೆಯಿತು. ನನ್ನ ಜೊತೆ ಮಾತ್ರ ಜಗಳವಾಡಲಿಲ್ಲ. ನನ್ನ ಮನೆಗೆ ಬರುವುದನ್ನು ಬಿಟ್ಟಳು. ನಾನು ನಿವೃತ್ತಳಾದ ದಿನ ಎಲ್ಲರ ಜೊತೆ ನಿಂತು ಚಪ್ಪಾಳೆ ತಟ್ಟಿ, "ಆರೋಗ್ಯ ನೋಡ್ಕೊಳ್ಳಿ ಸಿಸ್ಟರ್" ಎಂದಳು. ಅಷ್ಟೇ.

ಹೋದ ವರ್ಷ ಅವಳಿಗೆ ರಕ್ತದ ಕಾಯಿಲೆ ಎಂದು ಗೊತ್ತಾಯಿತು. ನಮ್ಮ ಆಸ್ಪತ್ರೆಯಲ್ಲೇ, ಕೆಳಗಿನ ಮಹಡಿಯ ಹೆಂಗಸರ ವಾರ್ಡಿನಲ್ಲಿ ಮಲಗಿಸಿದ್ದರು. ನಾನು ದಿನಾ ಮಧ್ಯಾಹ್ನ ಹೋಗಿ ಕೂರುತ್ತಿದ್ದೆ. ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಬಾಟಲಿಯಂತಿದ್ದವಳು ಕಡ್ಡಿಯಾಗಿದ್ದಳು. ಬಾಯಿ ಮಾತ್ರ ಬತ್ತಿರಲಿಲ್ಲ. ಒಬ್ಬ ಹುಡುಗಿ ನರ್ಸು ಬಂದು ಹಣೆಗೆ ಗುರಿಯಿಟ್ಟು ನೋಡುವ ಹೊಸ ಥರ್ಮಾಮೀಟರ್ ಹಿಡಿದು, "ಜ್ವರ ಇಲ್ಲ ಆಂಟಿ" ಎಂದಳು.

"ಮೇಲೆ ಫ್ಯಾನ್ ತಿರುಗ್ತಿದೆ. ಹಣೆ ಬೆವರಿದೆ. ಅದು ಬೆವರಿನ ಲೆಕ್ಕ ಹೇಳ್ತು. ಹಳೇ ಥರ್ಮಾಮೀಟರ್ ತಂದು ಬಾಯಿಗಿಟ್ಟು ನೋಡು ಪುಟ್ಟಾ" ಎಂದಳು ಬಾಟ್ಲಕ್ಕ. ಬಾಯಿಗಿಟ್ಟರೆ ನೂರಾ ಎರಡು. ಹುಡುಗಿ ನನ್ನ ಮುಖ ನೋಡಿದಳು. ನಾನು ನಕ್ಕೆ, ಟೈಲರ್ ಕೂಡ ನಕ್ಕ. ಅವನು ಆ ವಾರ್ಡಿನಲ್ಲಿ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೊನೆಯ ವಾರ ಅವಳಿಗೆ ಹೆಚ್ಚು ಹೊತ್ತು ನಿದ್ದೆ. ಒಂದು ಮಧ್ಯಾಹ್ನ ಟೈಲರ್ ಔಷಧಿ ತರಲು ಹೋಗಿದ್ದ. ಹೊದಿಕೆ ಸರಿದು ಅವಳ ಕಾಲು ಹೊರಗೆ ಬಂದಿತ್ತು. ಮುಟ್ಟಿ ನೋಡಿದೆ. ತಣ್ಣಗಿತ್ತು. ಎರಡೂ ಕೈಯಲ್ಲಿ ಪಾದವನ್ನು ಹಿಡಿದು ಉಜ್ಜತೊಡಗಿದೆ. ಅವಳು ಕಣ್ಣು ಬಿಡದೆಯೇ ಮಾತಾಡಿದಳು.

"ಕಾಲು ಮುಟ್ಟಿ ನೋಡ್ತಿದ್ದೀರಾ ಸಿಸ್ಟರ್?"

"ಹೂಂ."

"ಆವತ್ತೂ ಮುಟ್ಟಬೇಕಿತ್ತು."

"ಮುಟ್ಟಬೇಕಿತ್ತು" ಎಂದೆ.

ಅವಳು ಕಾಲನ್ನು ಎಳೆದುಕೊಳ್ಳಲಿಲ್ಲ. ನೋಡಲು ಬಂದವರೆಲ್ಲ ಹೊರಡಬೇಕೆಂದು ಗಂಟೆ ಹೊಡೆಯುವವರೆಗೂ ನಾನು ಆ ಪಾದವನ್ನು ಹಿಡಿದುಕೊಂಡೇ ಕೂತಿದ್ದೆ. ಅದು ಬೆಚ್ಚಗಾಗಲಿಲ್ಲ.